ಕಿಡ್ನಿಗಾಗಿ ಕಾಯುವವರು, ಮನೆಯಲ್ಲಿ ಆಡದ ಮಾತು

ಮೂರು ವರ್ಷಗಳ ಹಿಂದಿನ ಮಾತು. ಶುಕ್ರವಾರ ಜುಮಾ ಮುಗಿಸಿ ದವಾಖಾನೆಗೆ ಬಂದಾಗ ಹೊರಗಿನ ಬೆಂಚಿನ ಮೇಲೆ ಒಬ್ಬ ವೆಲ್ಡಿಂಗ್ ಕೆಲಸಗಾರರು ತಮ್ಮ ಪತ್ನಿಯೊಂದಿಗೆ ಕುಳಿತಿದ್ದರು. ವಯಸ್ಸು 38. ಮುಖ ಬಿಳಿಚಿಕೊಂಡಿತ್ತು, ಪಾದಗಳು ಚಪ್ಪಲಿಯೊಳಗೆ ಹಿಡಿಸದಷ್ಟು ಊದಿದ್ದವು. ಕೈಯಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರ ದಪ್ಪ ಫೈಲು. ತೆರೆದು ನೋಡಿದರೆ ಕ್ರಿಯೇಟಿನಿನ್ 9 ದಾಟಿತ್ತು.

"ಹಕೀಂ ಸಾಬ್, ಮಷಿನ್‌ಗೆ ಹಾಕ್ತೀವಿ ಅಂತಿದಾರೆ. ಒಂದ್ಸಲ ಮಷಿನ್‌ಗೆ ಹಾಕಿದ್ರೆ ಆಮೇಲೆ ಬಿಡಿಸೋಕಾಗಲ್ವಂತೆ. ಅದಕ್ಕೇ ನಿಮ್ಮ ಹತ್ರ ಬಂದ್ವಿ. ಜಡಿಬೂಟಿಯಲ್ಲಿ ಏನಾದ್ರೂ ಮಾಡಿ" ಎಂದರು.

ಯುನಾನಿ ವೈದ್ಯನಾಗಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಆದ್ದರಿಂದ ಓದುಗರಿಗೂ ಮೊದಲೇ ಹೇಳಿಬಿಡುತ್ತೇನೆ. ಮೂತ್ರದ ಉರಿ, ಸಣ್ಣ ಕಲ್ಲು ಮುಂತಾದ ತೊಂದರೆಗಳಿಗೆ ನಮ್ಮ ಪದ್ಧತಿಯಲ್ಲಿ ಔಷಧಗಳಿವೆ. ಆದರೆ ಎರಡೂ ಕಿಡ್ನಿಗಳು ಕುಗ್ಗಿ, ಅವುಗಳ ಸೋಸುವ ಶಕ್ತಿ ಶೇ. 10ಕ್ಕಿಂತ ಕೆಳಗಿಳಿದ ಮೇಲೆ ಅವನ್ನು ಮತ್ತೆ ಚಿಗುರಿಸುವ ಔಷಧ ಯುನಾನಿಯಲ್ಲಿ ಇಲ್ಲ, ಆಯುರ್ವೇದದಲ್ಲಿ ಇಲ್ಲ, ಅಲೋಪಥಿಯಲ್ಲೂ ಇಲ್ಲ. ಆಗ ಉಳಿಯುವುದು ಎರಡೇ ದಾರಿ, ಡಯಾಲಿಸಿಸ್ ಇಲ್ಲವೇ ಕಿಡ್ನಿ ಕಸಿ. ಅವರಿಗೂ ಇದನ್ನೇ ಹೇಳಿದೆ. ನಾಳೆಯೇ ಹೋಗಿ ಡಯಾಲಿಸಿಸ್ ಶುರು ಮಾಡಿಸಿ ಎಂದೆ. ಪತ್ನಿಗೆ ಸಿಟ್ಟು ಬಂತು. "ನೀವೂ ಅವರ ಕಡೆಯವರೇ" ಎಂದು ಫೈಲು ಎತ್ತಿಕೊಂಡು ಹೋದರು.

ಅವರು ಹೋದದ್ದು ಇನ್ನೊಬ್ಬರ ಬಳಿಗೆ. ಒಂದೂವರೆ ತಿಂಗಳು ಬೂದಿ ಬಣ್ಣದ ಪುಡಿಯೊಂದನ್ನು ಜೇನಿನಲ್ಲಿ ಕಲಸಿ ತಿಂದರು. ಕೊನೆಗೆ ಒಂದು ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿ, ಆಂಬುಲೆನ್ಸ್‌ನಲ್ಲಿ ಹೋಗಿ ತುರ್ತು ಡಯಾಲಿಸಿಸ್ ಮಾಡಿಸಿಕೊಂಡರು. ನಮ್ಮ ವೃತ್ತಿಯ ಒಳಗಿನ ಮಾತನ್ನು ನಾವೇ ಹೇಳದಿದ್ದರೆ ಯಾರು ಹೇಳಬೇಕು? ಸರಿಯಾಗಿ ಶುದ್ಧಿಯಾಗದ ಕುಶ್ತಾಗಳಲ್ಲಿ ಸೀಸ, ಪಾದರಸ, ಪಾಷಾಣ ಇರಬಹುದು. ನಮ್ಮ ಹಳೆಯ ಗ್ರಂಥಗಳಲ್ಲಿ ಬರುವ ಝರಾವಂದ್ ಎಂಬ ಬೇರು, ನಮ್ಮ ಕಡೆಯ ಈಶ್ವರಿ ಬಳ್ಳಿಯ ಜಾತಿಗೆ ಸೇರಿದ್ದು, ಕಿಡ್ನಿಯನ್ನು ನೇರವಾಗಿ ಹಾಳು ಮಾಡುವ ಆಮ್ಲವನ್ನು ಹೊಂದಿದೆ ಎಂಬುದು ಈಗ ಸಾಬೀತಾಗಿದೆ. ಕಿಡ್ನಿ ದುರ್ಬಲವಾದವರು ಹೆಸರಿಲ್ಲದ ಯಾವ ಪುಡಿಯನ್ನೂ ನಾಲಿಗೆಗೆ ಇಡಬಾರದು. ಕೊಡುವವರು ಎಷ್ಟೇ ದೊಡ್ಡ ಗಡ್ಡದವರಾಗಿರಲಿ, ಎಷ್ಟೇ ದೊಡ್ಡ ಪದವಿಯವರಾಗಿರಲಿ.

ಈಗ ಆ ಸಹೋದರರ ವಾರ ಹೀಗಿದೆ. ಸೋಮವಾರ, ಬುಧವಾರ, ಶುಕ್ರವಾರ ತಲಾ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ, ಮುಟ್ಟಿದರೆ ಒಳಗೆ ಜುಮ್ಮೆನ್ನುತ್ತದೆ. ದಿನಕ್ಕೆ ಕುಡಿಯಲು ಅಳತೆ ಮಾಡಿದ ನೀರು. ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲವೂ ಸೇರಬೇಕು. ಉಮ್ರಾದಿಂದ ಬಂದವರು ಪ್ರೀತಿಯಿಂದ ಕೊಡುವ ಝಮ್‌ಝಮ್ ಕೂಡ ಆ ಲೆಕ್ಕದೊಳಗೇ. ಎಳನೀರು, ಬಾಳೆಹಣ್ಣು, ಖರ್ಜೂರದಲ್ಲಿ ಪೊಟ್ಯಾಶಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯ ಒಮ್ಮೆಲೇ ನಿಲ್ಲಬಹುದು. ರಮಝಾನಿನಲ್ಲಿ ಮಕ್ಕಳ ಮುಂದಿನ ಖರ್ಜೂರದ ತಟ್ಟೆಯನ್ನು ಅವರು ಸುಮ್ಮನೆ ನೋಡುತ್ತಾರೆ. ವೆಲ್ಡಿಂಗ್ ಶಾಪನ್ನು ಬಾಡಿಗೆಗೆ ಕೊಟ್ಟಾಗಿದೆ. ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುವುದರಿಂದ ಮನೆ ನಡೆದಿದೆ.

ಡಯಾಲಿಸಿಸ್ ಜೀವ ಉಳಿಸುತ್ತದೆ. ಆದರೆ ಹಗಲಿರುಳು ಕೆಲಸ ಮಾಡುವ ಕಿಡ್ನಿಯ ಕೆಲಸವನ್ನು ವಾರಕ್ಕೆ ಹನ್ನೆರಡು ಗಂಟೆಯ ಯಂತ್ರ ಪೂರ್ತಿ ಮಾಡಲಾರದು. ಆದ್ದರಿಂದ ಅವರು ಕಸಿಗಾಗಿ ಕಾಯುತ್ತಿದ್ದಾರೆ.

ಪಟ್ಟಿಯಲ್ಲಿ ಒಂದು ಹೆಸರು

ಮೊದಲು ಮನೆಯಲ್ಲೇ ಹುಡುಕಾಟ ನಡೆಯಿತು. ಅವರದು ಬಿ ಪಾಸಿಟಿವ್. ಪತ್ನಿ ಕೂಡಲೇ ಮುಂದೆ ಬಂದರು, ಆದರೆ ಅವರದು ಎ ಪಾಸಿಟಿವ್, ಹೊಂದಲಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ. ದಮ್ಮಾಮ್‌ನಲ್ಲಿರುವ ಅಣ್ಣ ಎರಡು ಸಲ ರಜೆಗೆ ಬಂದು ಹೋದರು. ಆಸ್ಪತ್ರೆಯ ಖರ್ಚಿಗೆ ಹಣ ಕೊಟ್ಟರು, ತಮ್ಮನನ್ನು ತಬ್ಬಿಕೊಂಡು ಅತ್ತರು, ಆದರೆ ರಕ್ತ ಪರೀಕ್ಷೆಯ ಮಾತೆತ್ತಲಿಲ್ಲ. ತಮ್ಮನೂ ಕೇಳಲಿಲ್ಲ. ಅದನ್ನು ಬಾಯಿಬಿಟ್ಟು ಕೇಳುವುದು ಎಷ್ಟು ಕಷ್ಟ ಎಂಬುದು ಕೇಳಬೇಕಾಗಿ ಬಂದವರಿಗೇ ಗೊತ್ತು.

ಕಾನೂನಿನ ಪ್ರಕಾರ ಜೀವಂತವಾಗಿರುವಾಗ ಕಿಡ್ನಿ ಕೊಡಬಹುದಾದ ಹತ್ತಿರದ ಸಂಬಂಧಿಗಳೆಂದರೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಪತಿ ಅಥವಾ ಪತ್ನಿ. 2011ರ ತಿದ್ದುಪಡಿಯ ನಂತರ ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳೂ ಸೇರಿದ್ದಾರೆ. ಬೇರೆಯವರು ಕೊಡುವುದಾದರೆ ಸಮಿತಿಯ ಮುಂದೆ ಹೋಗಿ, ಹಣದ ವ್ಯವಹಾರ ಇಲ್ಲವೆಂದು ಮನವರಿಕೆ ಮಾಡಿಕೊಡಬೇಕು. ಇಷ್ಟು ಬಿಗಿ ಏಕೆಂದು ಕೆಲವರು ಗೊಣಗುತ್ತಾರೆ. 1994ರಲ್ಲಿ ಈ ಕಾನೂನು ಬರುವ ಮೊದಲು ಬಡವರ ಕಿಡ್ನಿಗಳು ಹೇಗೆ ಮಾರಾಟವಾಗುತ್ತಿದ್ದವು, ಅದರಲ್ಲಿ ನಮ್ಮ ಬೆಂಗಳೂರಿನ ಹೆಸರೂ ಹೇಗೆ ಕೇಳಿಬಂತು ಎಂಬುದನ್ನು ಆ ಕಾಲದ ಪತ್ರಿಕೆ ಓದಿದವರು ಮರೆತಿರಲಾರರು.

ಅದೇ 2011ರ ತಿದ್ದುಪಡಿ ಅದಲು ಬದಲು ಕಸಿಗೂ ದಾರಿ ಮಾಡಿದೆ. ಈ ಸಹೋದರರ ಪತ್ನಿ ಎ ಗುಂಪು. ಎ ಗುಂಪಿನ ಇನ್ನೊಬ್ಬ ರೋಗಿಗೆ ಬಿ ಗುಂಪಿನ ಪತ್ನಿ ಇದ್ದರೆ ಎರಡು ಕುಟುಂಬಗಳು ಪರಸ್ಪರ ಕೊಟ್ಟುಕೊಳ್ಳಬಹುದು. ಅಂಥ ಜೋಡಿ ಇವರಿಗೆ ಇನ್ನೂ ಸಿಕ್ಕಿಲ್ಲ.

ಹಾಗಾಗಿ ಹೆಸರು ಪಟ್ಟಿಗೆ ಹೋಯಿತು. ಕರ್ನಾಟಕದಲ್ಲಿ ಮೃತರಿಂದ ಪಡೆದ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಎಂಬ ಸರಕಾರಿ ಸಂಸ್ಥೆ. ರೋಗಿ ನೇರವಾಗಿ ಹೋಗಿ ಹೆಸರು ಬರೆಸುವಂತಿಲ್ಲ, ಕಸಿಗೆ ಮಾನ್ಯತೆ ಪಡೆದ ಆಸ್ಪತ್ರೆಯ ಮೂಲಕವೇ ನೋಂದಾಯಿಸಬೇಕು. ರಕ್ತದ ಗುಂಪು, ಎಷ್ಟು ಕಾಲದಿಂದ ಡಯಾಲಿಸಿಸ್‌ನಲ್ಲಿದ್ದಾರೆ, ವಯಸ್ಸು, ಹೊಂದಾಣಿಕೆಯ ಕಷ್ಟ ಮುಂತಾದವನ್ನು ನೋಡಿ ಸರದಿ ನಿರ್ಧಾರವಾಗುತ್ತದೆ. ಕೊಟ್ಟವರ ಧರ್ಮ ಪಡೆಯುವವರಿಗೆ ಗೊತ್ತಾಗುವುದಿಲ್ಲ, ಪಡೆದವರದು ಕೊಟ್ಟವರಿಗೂ ಗೊತ್ತಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಒಂದು ಗಂಟೆಗೆ ಅವರಿಗೆ ಕರೆ ಬಂತು. ಒಂದು ಕಿಡ್ನಿ ಸಿಗುವ ಸಾಧ್ಯತೆ ಇದೆ, ಏನೂ ತಿನ್ನದೆ ಕೂಡಲೇ ಬೆಂಗಳೂರಿಗೆ ಹೊರಡಿ ಎಂದು. ಮೃತರ ದೇಹದಿಂದ ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಕೂರಿಸಬೇಕು. ಕಿಡ್ನಿಗೆ ಸ್ವಲ್ಪ ಹೆಚ್ಚು ಸಮಯವಿದ್ದರೂ, ಬೇಗ ಆದಷ್ಟು ಒಳ್ಳೆಯದು. ನೆರೆಮನೆಯವರ ಕಾರಿನಲ್ಲಿ ಮಳೆಯಲ್ಲೇ ಹೊರಟು ಫಜ್ರ್ ಹೊತ್ತಿಗೆ ತಲುಪಿದರು. ಅಲ್ಲಿ ಅದೇ ಕಿಡ್ನಿಗಾಗಿ ಕರೆಸಿದ ಇನ್ನಿಬ್ಬರಿದ್ದರು. ಇದು ಎಲ್ಲೆಡೆ ನಡೆಯುವ ಕ್ರಮವೇ, ಒಬ್ಬರಿಗೆ ಹೊಂದದಿದ್ದರೆ ಅಂಗ ವ್ಯರ್ಥವಾಗಬಾರದಲ್ಲವೇ. ದಾನಿಯ ಜೀವಕೋಶದೊಂದಿಗೆ ರೋಗಿಯ ರಕ್ತವನ್ನು ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ಇವರದು ಹೊಂದಲಿಲ್ಲ. ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಹಿಂದಿರುಗಿದರು.

ಎರಡು ದಿನದ ಬಳಿಕ ದವಾಖಾನೆಗೆ ಬಂದು ಕುಳಿತು ಹೇಳಿದರು: "ಸಾಬ್, ದಾರಿಯುದ್ದಕ್ಕೂ ದುಆ ಮಾಡೋಣ ಅಂತ ಕೈ ಎತ್ತಿದೆ. ಆದ್ರೆ ಅಲ್ಲಿ ಯಾರದೋ ಮಗ ಸತ್ತಿದ್ದಾನೆ. ಏನಂತ ಕೇಳ್ಲಿ ಗೊತ್ತಾಗ್ಲಿಲ್ಲ."

ನಾನು ಬಾಯಿ ತೆರೆಯದ ದಿನ

ಅವರ ಆ ಮಾತು ನನ್ನನ್ನು ನಮ್ಮದೇ ಮನೆಯ ಒಂದು ದಿನಕ್ಕೆ ಕೊಂಡೊಯ್ದಿತು. ಐದು ವರ್ಷ ಹಿಂದೆ ನನ್ನ ಚಾಚಾನ ಮಗ, 24ರ ಹುಡುಗ, ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹೋಗುತ್ತಿದ್ದಾಗ ಹೆದ್ದಾರಿಯಲ್ಲಿ ಬಿದ್ದ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೂರು ದಿನ ವೆಂಟಿಲೇಟರ್‌ನಲ್ಲಿದ್ದ. ಮೂರನೆಯ ದಿನ ವೈದ್ಯರು ಮೆದುಳು ನಿಷ್ಕ್ರಿಯವಾಗಿದೆ ಎಂದರು. ಆಮೇಲೆ ಒಬ್ಬ ಮಹಿಳೆ ಬಂದು, ಬಹಳ ಮೆಲುದನಿಯಲ್ಲಿ, ಅಂಗಾಂಗ ದಾನದ ಬಗ್ಗೆ ಕೇಳಿದರು. ಅದು ಅವರ ಕರ್ತವ್ಯ. ಹೀಗೆ ಕೇಳಬೇಕೆಂದು ಕಾನೂನೇ ಹೇಳುತ್ತದೆ.

ಐಸಿಯು ಹೊರಗೆ ನಮ್ಮವರು ಹದಿನೈದು ಜನ ಇದ್ದೆವು. ಎಲ್ಲರೂ ನನ್ನತ್ತ ನೋಡಿದರು. "ನೀನು ಡಾಕ್ಟರು, ನೀನೇ ಹೇಳಪ್ಪ" ಎಂದರು ಚಾಚಾ.

ನನಗೆ ಎಲ್ಲವೂ ಗೊತ್ತಿತ್ತು. ಮೆದುಳು ನಿಷ್ಕ್ರಿಯವಾಗುವುದೆಂದರೆ ಕೋಮಾ ಅಲ್ಲವೆಂದು ಗೊತ್ತಿತ್ತು. ಕೋಮಾದಲ್ಲಿರುವವರು ಮರಳಿ ಎಚ್ಚರಗೊಳ್ಳಬಹುದು. ಮೆದುಳಿನ ಕಾಂಡವೇ ಸತ್ತವರು ಎಂದೂ ಮರಳುವುದಿಲ್ಲ, ತಾವಾಗಿ ಒಂದು ಉಸಿರನ್ನೂ ಎಳೆದುಕೊಳ್ಳುವುದಿಲ್ಲ. ಯಂತ್ರ ಗಾಳಿ ತುಂಬುತ್ತಿರುವವರೆಗೆ ಹೃದಯ ತನ್ನದೇ ವಿದ್ಯುತ್ತಿನಿಂದ ಇನ್ನಷ್ಟು ಹೊತ್ತು ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಅದನ್ನು ಮುಟ್ಟಿ ನೋಡಿದ ತಾಯಿಗೆ ಮಗ ಸತ್ತಿದ್ದಾನೆಂದರೆ ಹೇಗೆ ನಂಬುವುದು? ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಮೇಲೆಯೇ ಅದನ್ನು ಘೋಷಿಸುತ್ತದೆ ಮತ್ತು ಕಸಿ ಮಾಡುವ ತಂಡದ ಯಾರೂ ಆ ಮಂಡಳಿಯಲ್ಲಿ ಇರುವಂತಿಲ್ಲ ಎಂಬುದೂ ನನಗೆ ಗೊತ್ತಿತ್ತು. ಇದಿಷ್ಟನ್ನು ಹತ್ತು ನಿಮಿಷ ಕುಳಿತು ಹೇಳಬಹುದಿತ್ತು. ನಾನು ಹೇಳಿದ್ದು ಒಂದೇ ವಾಕ್ಯ: "ನಿಮಗೆ ಸರಿ ಕಂಡ ಹಾಗೆ ಮಾಡಿ, ಚಾಚಾ."

ನಾಳೆ ಏನಾದರೂ ಮಾತು ಬಂದರೆ ಅದು ನನ್ನ ತಲೆಯ ಮೇಲೆ ಬರಬಾರದು ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು. ಯಾರೋ ಹಿರಿಯರು "ಹುಡುಗನನ್ನು ಕತ್ತರಿಸುವುದು ಬೇಡ" ಎಂದರು. ಮಾತು ಅಲ್ಲಿಗೆ ಮುಗಿಯಿತು. ಆ ಸಂಜೆ ಹೃದಯವೂ ನಿಂತಿತು. ಅಪಘಾತದ ಪ್ರಕರಣವಾದ್ದರಿಂದ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆ ತಪ್ಪಲಿಲ್ಲ. ಕತ್ತರಿಸುವುದು ಬೇಡ ಎಂದ ನಾವೆಲ್ಲರೂ ಮರುದಿನ ಬೆಳಿಗ್ಗೆ ಶವಾಗಾರದ ಹೊರಗೆ ನಿಂತು, ಕತ್ತರಿಸಿ ಹೊಲಿದು ಕೊಟ್ಟ ಮಯ್ಯಿತ್ತನ್ನು ಪಡೆದುಕೊಂಡೆವು.

ಎರಡು ವರ್ಷದ ನಂತರ ಚಾಚಿ ಒಮ್ಮೆ ಸೊಪ್ಪು ಬಿಡಿಸುತ್ತಾ ನನ್ನನ್ನು ಕೇಳಿದರು: "ಅವನ ಕಣ್ಣಾದ್ರೂ ಕೊಡಬಹುದಿತ್ತೇನೋ ಬೇಟಾ?" ಕೊಡಬಹುದಿತ್ತು.

ಆ ಕಿಡ್ನಿಗಳು ನನ್ನ ರೋಗಿಗೇ ಸಿಗುತ್ತಿದ್ದವು ಎಂದು ಹೇಳುತ್ತಿಲ್ಲ. ಆಗ ಅವರಿಗೆ ಕಾಯಿಲೆಯೇ ಗೊತ್ತಿರಲಿಲ್ಲ. ಯಾರಿಗೋ ಸಿಗುತ್ತಿದ್ದವು.

ಕೊರತೆಯ ಲೆಕ್ಕ

ಒಬ್ಬ ಮೃತರಿಂದ ಎರಡು ಕಿಡ್ನಿ, ಯಕೃತ್ತು, ಹೃದಯ, ಎರಡು ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಸಣ್ಣ ಕರುಳು ಹೀಗೆ ಎಂಟು ಅಂಗಗಳನ್ನು ಪಡೆಯಬಹುದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಮರುವರ್ಷ, 2023ರಲ್ಲಿ, ಇಡೀ ದೇಶದಲ್ಲಿ ಮರಣಾನಂತರ ಅಂಗ ಕೊಟ್ಟವರು 1,099 ಮಂದಿ. ಕರ್ನಾಟಕದಲ್ಲಿ 178. ಹಲವು ರಾಜ್ಯಗಳಿಗೆ ಹೋಲಿಸಿದರೆ ಇದೇ ಹೆಚ್ಚು. ಆದರೆ ನಮ್ಮ ರಾಜ್ಯವೊಂದರಲ್ಲೇ ಕಿಡ್ನಿಗಾಗಿ ಕಾಯುವವರು ಸಾವಿರಾರು. ಸ್ಪೇನ್ ದೇಶದಲ್ಲಿ ಪ್ರತಿ ಹತ್ತು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ 40ಕ್ಕೂ ಹೆಚ್ಚು ಮೃತದಾನಿಗಳು ಸಿಗುತ್ತಾರೆ, ನಮ್ಮಲ್ಲಿ ಒಬ್ಬರೂ ಇಲ್ಲ.

ರಸ್ತೆಯಲ್ಲೇ ಪ್ರಾಣ ಬಿಟ್ಟವರಿಂದ ಅಂಗ ಪಡೆಯಲಾಗದು ಎಂಬುದು ನಿಜ. ಐಸಿಯುನಲ್ಲಿ, ಯಂತ್ರದ ಮೇಲಿರುವಾಗಲೇ ಮೆದುಳು ನಿಷ್ಕ್ರಿಯವಾದವರಿಂದ ಮಾತ್ರ ನಮ್ಮಲ್ಲಿ ಸಾಮಾನ್ಯವಾಗಿ ಪಡೆಯುತ್ತಾರೆ. ಅಂಥವರ ಸಂಖ್ಯೆಯೇ ಕಡಿಮೆ. ಅವರಲ್ಲೂ ಎಲ್ಲ ಆಸ್ಪತ್ರೆಗಳು ಮಂಡಳಿ ಕೂರಿಸಿ ಘೋಷಿಸುವುದಿಲ್ಲ. ಘೋಷಿಸಿದಲ್ಲಿ ಕುಟುಂಬದವರು ಒಪ್ಪುವುದಿಲ್ಲ. ಎಲ್ಲಾ ಸಮುದಾಯಗಳಲ್ಲೂ ಇದೇ ಕಥೆ, ನಮ್ಮವರನ್ನು ಮಾತ್ರ ದೂರುವುದು ಅನ್ಯಾಯ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಕುಟುಂಬ ಅಂಗಗಳನ್ನು ದಾನ ಮಾಡಿತು. ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದಾಗ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಆದರೆ ಹೆಸರು ಬರೆಸುವುದು ಬೇರೆ, ಆ ದಿನ ಮನೆಯವರು ಸಹಿ ಹಾಕುವುದು ಬೇರೆ. ಕಾರ್ಡು ಜೇಬಿನಲ್ಲಿದ್ದರೂ ನಮ್ಮ ದೇಶದಲ್ಲಿ ಕೊನೆಗೆ ಕೇಳುವುದು ಮನೆಯವರನ್ನೇ.

ವಿದ್ವಾಂಸರು ಹೇಳಿರುವುದು

ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ ಐಸಿಯು ಬಾಗಿಲಲ್ಲಿ ಎಲ್ಲರ ಮನಸ್ಸಿನಲ್ಲೂ ಮೊದಲು ಏಳುವುದು ಇದೇ ಪ್ರಶ್ನೆಯಾದ್ದರಿಂದ ವಿದ್ವಾಂಸರ ತೀರ್ಮಾನಗಳೇನಿವೆ ಎಂದು ತಿಳಿದಿರುವುದು ಒಳ್ಳೆಯದು.

ಸೌದಿ ಅರೇಬಿಯದ ಹಿರಿಯ ವಿದ್ವಾಂಸರ ಮಂಡಳಿ 1982ರಲ್ಲಿ ಜೀವಂತ ದಾನ ಮತ್ತು ಮರಣಾನಂತರದ ದಾನ ಎರಡಕ್ಕೂ ಅನುಮತಿ ನೀಡಿತು. ಮುಸ್ಲಿಮ್ ರಾಷ್ಟ್ರಗಳ ಒಕ್ಕೂಟದ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿ ಷರತ್ತುಗಳೊಂದಿಗೆ ಇದನ್ನೇ ಹೇಳಿತು. ಹಣಕ್ಕಾಗಿ ಮಾರುವಂತಿಲ್ಲ, ಕೊಡುವವರ ಪ್ರಾಣಕ್ಕೆ ಅಪಾಯವಾಗಬಾರದು, ಮೃತರ ಅಥವಾ ವಾರಸುದಾರರ ಒಪ್ಪಿಗೆ ಬೇಕು ಎಂಬವು ಆ ಷರತ್ತುಗಳಲ್ಲಿ ಮುಖ್ಯವಾದವು. ತುರ್ಕಿಯ ಧಾರ್ಮಿಕ ವ್ಯವಹಾರಗಳ ಇಲಾಖೆ 1980ರಲ್ಲೇ ಅನುಮತಿಸಿತ್ತು. 2021ರಲ್ಲಿ ಸೌದಿಯ ದೊರೆ ಸಲ್ಮಾನ್ ಸ್ವತಃ ಅಂಗದಾನಿಯಾಗಿ ಹೆಸರು ನೋಂದಾಯಿಸಿದರು.

ಇನ್ನೊಂದು ಪಕ್ಷವೂ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನಮ್ಮ ದೇಶದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲಿ, ರೋಗಿಯ ಜೀವಕ್ಕೆ ಬೇರೆ ದಾರಿಯಿಲ್ಲದಾಗ ಆರೋಗ್ಯವಂತ ಸಂಬಂಧಿಯೊಬ್ಬರು ಬೆಲೆ ಪಡೆಯದೆ ಒಂದು ಕಿಡ್ನಿ ಕೊಡಬಹುದು ಎಂದಿತು. ಆದರೆ ಮರಣಾನಂತರ ಅಂಗ ಕೊಡಬೇಕೆಂಬ ವಸಿಯ್ಯತ್ತನ್ನು ಅದು ಒಪ್ಪಲಿಲ್ಲ. ಶರೀರ ಅಲ್ಲಾಹನ ಅಮಾನತ್ತು, ಮನುಷ್ಯ ಅದರ ಒಡೆಯನಲ್ಲ, ಮೃತದೇಹದ ಗೌರವಕ್ಕೆ ಕುಂದು ಬರಬಾರದು ಎಂಬುದು ಒಪ್ಪದವರ ವಾದ. ಮೆದುಳಿನ ಮರಣದ ಬಗ್ಗೆಯೂ ಒಮ್ಮತವಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಕಾಡೆಮಿ ಅದನ್ನು ಮರಣವೆಂದು ಒಪ್ಪಿತು. ಮರುವರ್ಷ ಮಕ್ಕಾದ ರಾಬಿತಾದ ಫಿಕ್ಹ್ ಮಂಡಳಿ, ಯಂತ್ರ ತೆಗೆಯಬಹುದು, ಆದರೆ ಹೃದಯ ಮತ್ತು ಉಸಿರು ಪೂರ್ತಿ ನಿಂತ ಮೇಲೆಯೇ ಮರಣದ ವಿಧಿಗಳು ಅನ್ವಯಿಸುತ್ತವೆ ಎಂದಿತು.

ನೀವು ನಂಬುವ ಆಲಿಮರನ್ನು ಕೇಳಿ. ಆದರೆ ಆರೋಗ್ಯವಾಗಿರುವಾಗ, ಚಹಾ ಕುಡಿಯುತ್ತಾ ಕೇಳಿ. ಐಸಿಯು ಹೊರಗೆ ನಿಂತು ಫೋನಿನಲ್ಲಿ ಕೇಳಿದರೆ ಯಾವ ಆಲಿಮರೂ ಸಮಾಧಾನದಿಂದ ಉತ್ತರಿಸಲಾರರು. ಇನ್ನೊಂದು ಮಾತು ನನ್ನನ್ನು ಚುಚ್ಚುತ್ತದೆ. ಕಸಿಯ ಪಟ್ಟಿಯಲ್ಲಿ ನಮ್ಮ ಹೆಸರುಗಳೂ ಇವೆ. ತೆಗೆದುಕೊಳ್ಳುವಾಗ ಫತ್ವಾ ಕೇಳಿದವರನ್ನು ಈ ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿಲ್ಲ.

ದಫನಕ್ಕೆ ತಡವಾಗುತ್ತದೆ ಎಂಬ ಆತಂಕ ಸಹಜ. ಒಪ್ಪಿಗೆ ಕೊಟ್ಟ ಮೇಲೆ ಪರೀಕ್ಷೆ, ಹಂಚಿಕೆ, ಶಸ್ತ್ರಚಿಕಿತ್ಸೆ ಸೇರಿ ಒಂದು ದಿನದಷ್ಟು ಹಿಡಿಯಬಹುದು. ಮರಣೋತ್ತರ ಪರೀಕ್ಷೆಯನ್ನು ಸೂರ್ಯಾಸ್ತದ ನಂತರ ಮಾಡುವಂತಿಲ್ಲ ಎಂಬ ಹಳೆಯ ಪದ್ಧತಿಯನ್ನು ಕೇಂದ್ರ ಸರಕಾರ 2021ರ ನವೆಂಬರಿನಲ್ಲಿ ಸಡಿಲಿಸಿ, ಅಂಗದಾನದ ಪ್ರಕರಣಗಳಿಗೆ ಆದ್ಯತೆ ಕೊಟ್ಟಿದೆ. ದೇಹವನ್ನು ಹೊಲಿದು, ಶುಚಿಗೊಳಿಸಿ ಒಪ್ಪಿಸುತ್ತಾರೆ. ಗುಸ್ಲ್, ಕಫನ್, ಜನಾಝಾ ನಮಾಝ್ ಯಾವುದಕ್ಕೂ ಅಡ್ಡಿಯಿಲ್ಲ. ಒಪ್ಪಿಗೆ ಕೊಟ್ಟ ನಂತರದ ದಾನದ ಖರ್ಚನ್ನು ದಾನಿಯ ಮನೆಯವರಿಂದ ಪಡೆಯುವಂತಿಲ್ಲ. ಎಲ್ಲವನ್ನೂ ಕೊಡಲೇಬೇಕೆಂದೂ ಇಲ್ಲ, ಯಾವ ಅಂಗಗಳು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಬರೆಯಬಹುದು. ಕಣ್ಣಿನ ಕಾರ್ನಿಯಾಕ್ಕಂತೂ ಮೆದುಳು ಮರಣದ ಪ್ರಶ್ನೆಯೇ ಬರುವುದಿಲ್ಲ. ಮನೆಯಲ್ಲಿ ಸಹಜವಾಗಿ ತೀರಿಕೊಂಡವರಿಂದಲೂ ಆರು ಗಂಟೆಯೊಳಗೆ, ಮನೆಗೇ ಬಂದು, ಅರ್ಧ ಗಂಟೆಯಲ್ಲಿ ತೆಗೆದುಕೊಳ್ಳುತ್ತಾರೆ.

ಕೊಡುವವರು ಯಾರು?

ಮೃತದಾನಿಗಳು ಸಿಗದಿದ್ದಾಗ ಭಾರ ಬೀಳುವುದು ಮನೆಯವರ ಮೇಲೆ, ಅದರಲ್ಲೂ ಮಹಿಳೆಯರ ಮೇಲೆ. 2023ರಲ್ಲಿ ದೇಶದಲ್ಲಿ ನಡೆದ 18,378 ಕಸಿಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಜೀವಂತ ದಾನಿಗಳಿಂದ ನಡೆದವು. ಆ ದಾನಿಗಳಲ್ಲಿ ಶೇ. 63ರಷ್ಟು ಮಹಿಳೆಯರು. ಪಡೆಯುವವರ ಲೆಕ್ಕ ನೋಡಿ. 1995ರಿಂದ 2021ರವರೆಗೆ ದಾಖಲಾದ 36,640 ಕಸಿಗಳಲ್ಲಿ 29,695 ಪುರುಷರಿಗೆ, 6,945 ಮಹಿಳೆಯರಿಗೆ ನಡೆದವು.

ನನ್ನ ದವಾಖಾನೆಯಲ್ಲಿ ಕಂಡದ್ದೂ ಇದೇ. ಗಂಡನಿಗೆ ಬೇಕಾದಾಗ ಹೆಂಡತಿಯನ್ನು ಯಾರೂ ಕೇಳುವುದೂ ಇಲ್ಲ, ಅವಳು ಕೊಡುತ್ತಾಳೆ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಹೆಂಡತಿಗೆ ಬೇಕಾದಾಗ "ದುಡಿಯುವ ಗಂಡಸು, ಹೇಗೆ ಕೊಡುವುದು" ಎಂಬ ಮಾತು ಬರುತ್ತದೆ. ಹೆರಿಗೆಗಳಿಂದಾಗಿ ಮಹಿಳೆಯರ ರಕ್ತದಲ್ಲಿ ಪ್ರತಿಕಾಯಗಳು ಬೆಳೆದು, ಗಂಡನ ಕಿಡ್ನಿ ಹೊಂದದೆ ಹೋಗುವ ಸಾಧ್ಯತೆಯೂ ಇದೆ. ಹಾಗೆಂದು ಪರೀಕ್ಷೆಯನ್ನೇ ಮಾಡಿಸದಿರಲು ಅದು ನೆಪವಾಗಬಾರದು. ಸರಿಯಾಗಿ ಪರೀಕ್ಷಿಸಿ ಆರಿಸಿದ ದಾನಿ ಒಂದೇ ಕಿಡ್ನಿಯಿಂದ ಸಹಜ ಬದುಕು ನಡೆಸಬಹುದು. ಆದರೆ ಅಪಾಯ ಸೊನ್ನೆಯಲ್ಲ, ಜೀವನವಿಡೀ ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು. ಕೊಟ್ಟವಳನ್ನು ಮನೆ ಮರೆತುಬಿಡುವುದನ್ನೂ ನೋಡಿದ್ದೇನೆ.

ಕಾಯುತ್ತಿರುವವರಿಗೆ

ಪಟ್ಟಿಯಲ್ಲಿರುವವರು ಫೋನ್ ನಂಬರ್ ಬದಲಾಯಿಸಿದರೆ ಅಂದೇ ಆಸ್ಪತ್ರೆಗೆ ತಿಳಿಸಬೇಕು, ಜೊತೆಗೆ ಇನ್ನಿಬ್ಬರ ನಂಬರ್ ಕೊಟ್ಟಿರಬೇಕು. ಸಿಮ್ ಬದಲಿಸಿ ಸರದಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟವಿಲ್ಲ. ಕರೆ ಬಂದ ದಿನ ಜ್ವರವೋ ಸೋಂಕೋ ಇದ್ದರೆ ಅವಕಾಶ ಮುಂದಿನವರಿಗೆ ಹೋಗುತ್ತದೆ. ಹಾಗಾಗಿ ಹಲ್ಲಿನ ಹುಳುಕು, ಕಾಲಿನ ಹುಣ್ಣು ಇವನ್ನೆಲ್ಲ ಈಗಲೇ ಸರಿಪಡಿಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿಗೊಳಿಸಿ.

ಹಿಜಾಮಾದ ಬಗ್ಗೆ ಒಂದು ಮಾತು, ಏಕೆಂದರೆ ನಾನೂ ಅದನ್ನು ಮಾಡುವವನು. ಡಯಾಲಿಸಿಸ್‌ನಲ್ಲಿರುವವರಿಗೆ ರಕ್ತ ತೆಗೆಯುವ ಹಿಜಾಮಾ ಬೇಡವೇ ಬೇಡ. ಅವರಿಗೆ ಮೊದಲೇ ರಕ್ತಹೀನತೆ ಇರುತ್ತದೆ, ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರೆ, ಸೋಂಕು ಬೇಗ ತಗಲುತ್ತದೆ. ರಕ್ತ ಕಡಿಮೆಯಾಗಿ ಬೇರೆಯವರ ರಕ್ತ ಏರಿಸಬೇಕಾಗಿ ಬಂದರೆ ಪ್ರತಿಕಾಯಗಳು ಬೆಳೆದು ಮುಂದೆ ಕಿಡ್ನಿ ಹೊಂದುವುದೇ ಕಷ್ಟವಾಗುತ್ತದೆ. ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡುವುದಕ್ಕೂ, ಸೂಜಿ ಚುಚ್ಚುವುದಕ್ಕೂ ಬಿಡಬಾರದು. ಕಸಿಯಾದ ಮೇಲೆ ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕದಂತೆ ಜೀವನವಿಡೀ ಮಾತ್ರೆ ನುಂಗಬೇಕು. ಚಕ್ಕೋತದಂತಹ ಹಣ್ಣೂ ಆ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡಬಲ್ಲದು. ಆಗ ಕಿಡ್ನಿ ತಜ್ಞರನ್ನು ಕೇಳದೆ ಯಾವ ಮೂಲಿಕೆಯನ್ನೂ, ನಾನೇ ಕೊಟ್ಟರೂ, ತೆಗೆದುಕೊಳ್ಳಬಾರದು.

ಖರ್ಚಿಗೆ ಹೆದರಿ ಕಸಿಯ ಆಸೆ ಬಿಡಬೇಡಿ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರಕಾರದ ನೆರವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆಯಂತಹ ಸರಕಾರಿ ಕೇಂದ್ರಗಳಲ್ಲಿ ವಿಚಾರಿಸಿ.

ಕಳೆದ ತಿಂಗಳು ಒಂದು ರಾತ್ರಿ ಊಟದ ನಂತರ ನಮ್ಮ ಮನೆಯಲ್ಲಿ ಈ ಮಾತು ತೆಗೆದೆ. ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮದನ್ನು ಬರೆದಿಡಿ, ಆ ದಿನ ನನ್ನ ಕೈಯಲ್ಲಿ ಕಾಗದ ಇರಲಿ" ಎಂದಳು. ಮಗಳು ಆಧಾರ್ ಸಂಖ್ಯೆ ಹಾಕಿ ಫೋನಿನಲ್ಲೇ ನನ್ನ ನೋಂದಣಿ ಮಾಡಿಕೊಟ್ಟಳು. 76 ವರ್ಷದ ಅಬ್ಬಾ ಎಲ್ಲವನ್ನೂ ಕೇಳಿಸಿಕೊಂಡು, "ಕಣ್ಣು ತಗೊಳ್ಳಿ. ಉಳಿದದ್ದನ್ನು ಮುಫ್ತಿ ಸಾಹೇಬರನ್ನು ಕೇಳಿ ಹೇಳ್ತೀನಿ" ಎಂದರು. ಅವರು ಇನ್ನೂ ಕೇಳಿಲ್ಲ, ನಾನು ಜ್ಞಾಪಿಸುತ್ತಿದ್ದೇನೆ.

ವೆಲ್ಡಿಂಗ್ ಸಹೋದರರು ಮೊನ್ನೆ ಬುಧವಾರ ಡಯಾಲಿಸಿಸ್ ಮುಗಿಸಿ ಬಂದಿದ್ದರು, ತುರಿಕೆಗೆ ಹಚ್ಚಲು ಎಣ್ಣೆ ಬೇಕಾಗಿತ್ತು. ದಮ್ಮಾಮ್‌ನ ಅಣ್ಣ ಮುಂದಿನ ತಿಂಗಳು ಬರುತ್ತಾರಂತೆ. ಈ ಸಲ ಪತ್ನಿಯೇ ಕೇಳುತ್ತಾರಂತೆ.